ಮರಿ ಕಲಿತಿದೆ, ಆದರೆ ಬಟ್ಟೆಯ ಮೇಲೆ

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟೊಂದರ 3ನೇ ಮಹಡಿಯಲ್ಲಿ ನಮ್ಮ ಮನೆ. 7 ವಾರದ ನಾಟಿ ಹೆಣ್ಣು ನಾಯಿಮರಿಯನ್ನು ದತ್ತು ತಂದೆವು. ಈಗ ಅವಳಿಗೆ 10 ವಾರ. ಮೊದಲು ಸಾಕಿದ್ದವರು ಹಳೇ ಸೀರೆ, ಟವೆಲ್ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಲಸಿಕೆ ಇನ್ನೂ ಒಂದು ಬಾಕಿ, ಅಲ್ಲಿಯವರೆಗೆ ಕೆಳಗೆ ಬಿಡಬೇಡಿ ಎಂದಿದ್ದಾರೆ ಡಾಕ್ಟರು. ಉಚ್ಚೆ ಹೀರುವ ಪೀ ಪ್ಯಾಡ್ ತಂದರೆ ಹರಿದು ಹಾಕುತ್ತಾಳೆ, ಇಲ್ಲವೇ ಮುಂಗಾಲು ಪ್ಯಾಡ್ ಮೇಲೆ ಇಟ್ಟು ಆಚೆ ಹೊಯ್ಯುತ್ತಾಳೆ. ದೇವರ ಮನೆ ಮುಂದಿನ ಮ್ಯಾಟ್ ಮೇಲೆ ದಿನಕ್ಕೆ ಎರಡು ಸಲ ಗ್ಯಾರಂಟಿ. ಅತ್ತೆಗೆ ಬೇಜಾರಾಗಿದೆ. ಪೇಪರ್ ಸುರುಳಿಯಿಂದ ನೆಲಕ್ಕೆ ಹೊಡೆದು ಗದರಿಸಿದೆವು, ಈಗ ದಿವಾನದ ಹಿಂದೆ ಹೋಗಿ ಮಾಡುತ್ತಾಳೆ. ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ಮತ್ತೆ ಅದೇ ಜಾಗ. ಹಾಲು-ಅನ್ನ ತಿನ್ನುತ್ತಾಳೆ, ದಿನಕ್ಕೆ ಐದಾರು ಸಲ ಕಕ್ಕ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಹಗಲು ಅತ್ತೆ ಒಬ್ಬರೇ, ಅವರಿಗೆ ಮಂಡಿ ನೋವು. ಇವಳದು ಹಟವೇ?

ಉತ್ತರ: ಹಟವಲ್ಲ. ಸೀರೆ, ಟವೆಲ್ ಹಾಸಿದ ಪೆಟ್ಟಿಗೆ ಎಂದು ಬರೆದಿದ್ದೀರಲ್ಲ, ಕಾರಣ ಅಲ್ಲೇ ಇದೆ.

ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ನೆಕ್ಕಿದರೆ ಬರುತ್ತದೆ, ತಾಯಿಯೇ ನೆಕ್ಕಿ ಶುಚಿ ಮಾಡುತ್ತದೆ. ಕಾಲು ಬಲಿತ ಮೇಲೆ ಮಲಗುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಮಾಡಲು ಶುರುಮಾಡುತ್ತದೆ. ಸುಮಾರು 5ರಿಂದ 9 ವಾರದ ನಡುವೆ ದಿನವೂ ಅಂಗಾಲಿಗೆ ಯಾವ ಹಾಸು ತಾಗಿತೋ ಅದೇ ಉಚ್ಚೆಯ ಹಾಸು ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ. ಮಣ್ಣಿನಲ್ಲಿ ಬೆಳೆದದ್ದು ಮಣ್ಣು ಹುಡುಕುತ್ತದೆ, ಸಿಮೆಂಟಿನಲ್ಲಿ ಬೆಳೆದದ್ದು ಸಿಮೆಂಟು ಹುಡುಕುತ್ತದೆ. ನಿಮ್ಮದು ಬಟ್ಟೆ ಹುಡುಕುತ್ತಿದೆ. ದೇವರ ಮನೆಯ ಮ್ಯಾಟು ಅದಕ್ಕೆ ಅಚ್ಚುಕಟ್ಟಾದ ಶೌಚಾಲಯ, ಅಷ್ಟೇ. ಕಲಿಯದ ಮರಿಯಲ್ಲ ಇದು, ಬೇರೆ ಪಾಠ ಕಲಿತು ಬಂದ ಮರಿ. ಅದಕ್ಕೆ ಹೊಸ ಹಾಸೊಂದನ್ನು ಕಲಿಸಬೇಕು, ಕಲಿಯುವವರೆಗೆ ಹಳೆಯ ಹಾಸು ಕಣ್ಣಿಗೂ ಬೀಳಬಾರದು.

ಪೀ ಪ್ಯಾಡ್ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ. ಮೇಲ್ಪದರ ಮೆತ್ತಗೆ, ಬಟ್ಟೆಯಂತೆಯೇ ಇರುತ್ತದೆ. ಪ್ಯಾಡ್ ಮೇಲೆ ಹೊಯ್ದಾಗಲೆಲ್ಲ ಮರಿ 'ಮೆತ್ತಗಿನದರ ಮೇಲೆ ಮಾಡಬೇಕು' ಎಂಬ ಹಳೇ ಪಾಠವನ್ನೇ ಇನ್ನೊಮ್ಮೆ ಬಾಯಿಪಾಠ ಮಾಡುತ್ತದೆ. ಹಲ್ಲು ಬರುತ್ತಿರುವ ಮರಿಗೆ ಅದು ಆಟದ ಸಾಮಾನು ಕೂಡ. ಒಳಗಿನ ಹರಳು ನೀರು ಹೀರಿ ಜೆಲ್ಲಿಯಂತೆ ಉಬ್ಬುತ್ತದೆ. ತುಂಡುಗಳನ್ನು ನುಂಗಿದರೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಪ್ಯಾಡ್ ನಿಲ್ಲಿಸಿ.

ಹಳೇ ಪೇಪರೂ ನಿಮ್ಮ ಮನೆಗೆ ಬೇಡ. ನೆಲದ ಮೇಲೆ ಪೇಪರ್ ಹರಡಿ ಓದುವವರು, ಅವರೆಕಾಯಿ ಸುಲಿಯುವವರು ಇರುವ ಮನೆಯಲ್ಲಿ ಪೇಪರಿನ ಪಾಠ ಹೇಳಿಕೊಟ್ಟರೆ ಮುಂದಿನ ಕಥೆ ಊಹಿಸಿಕೊಳ್ಳಿ. ಬಚ್ಚಲಿನಲ್ಲಿ ಮಾಡಿಸುವುದನ್ನೂ ಹಲವರು ಪ್ರಯತ್ನಿಸುತ್ತಾರೆ. ಅಲ್ಲಿನ ಟೈಲ್ಸೂ ನಡುಮನೆಯ ಟೈಲ್ಸೂ ಅಂಗಾಲಿಗೆ ಒಂದೇ. ಮನೆಯಲ್ಲಿ ಇನ್ನೆಲ್ಲೂ ಇಲ್ಲದ ಹಾಸನ್ನು ಆರಿಸಿಕೊಳ್ಳಬೇಕು. ನಾಳೆ ಕೆಳಗಿಳಿದ ಮೇಲೂ ಅದೇ ಹಾಸು ಸಿಗುವಂತಿದ್ದರೆ ಇನ್ನೂ ಒಳ್ಳೆಯದು. ನಾಟಿ ನಾಯಿ ಬೆಳೆದರೆ 15-20 ಕೆಜಿ ತೂಗುತ್ತದೆ, ಆಮೇಲೆ ಮನೆಯೊಳಗೆ ಮಾಡಿಸುತ್ತ ಕೂರಲಾಗದು. ಎಲ್ಲ ಲೆಕ್ಕ ಹಾಕಿದರೆ ನಿಮಗೆ ಹುಲ್ಲು ಸರಿ.

ಜಾಗ: ಬಾಲ್ಕನಿ ಬೇಡ, ಅಡುಗೆಮನೆಯಾಚೆಯ ಯುಟಿಲಿಟಿ ಇರಲಿ. ಬಾಲ್ಕನಿಯಿಂದ ಸೋರಿದ ನೀರು ಕೆಳಗಿನವರ ಒಣಗಿದ ಬಟ್ಟೆ ಮೇಲೆ ಬಿದ್ದರೆ ಅಸೋಸಿಯೇಷನ್ ತನಕ ಹೋಗುತ್ತದೆ. ಯುಟಿಲಿಟಿಯಲ್ಲಿ ನಲ್ಲಿ, ಇಳಿಜಾರು, ನೀರು ಹೋಗುವ ಜಾಲಿ ಎಲ್ಲ ಇರುತ್ತವೆ. ನೆಲದ ಮೇಲಿರುವ ಸೋಪಿನ ಪುಡಿ, ಫಿನಾಯಿಲ್, ಜಿರಳೆ-ಇಲಿ ಔಷಧಿ ಮೇಲಿನ ಶೆಲ್ಫಿಗೆ ಹೋಗಲಿ. ಕಂಬಿಗಳ ಸಂದಿ ಮರಿಯ ತಲೆ ತೂರುವಷ್ಟಿದ್ದರೆ ಜಾಲರಿ ಕಟ್ಟಿಸಿ. ಇನ್ನೊಂದು ತೊಡಕು ಹೆಚ್ಚಿನವರಿಗೆ ಹೊಳೆಯುವುದಿಲ್ಲ: ವಾಷಿಂಗ್ ಮೆಷಿನ್. ಮರಿ ಕಾಲು ಅಗಲಿಸಿ ಕೂತ ಹೊತ್ತಿಗೇ ಪಕ್ಕದಲ್ಲಿ ಮೆಷಿನ್ ಬಟ್ಟೆ ಹಿಂಡಲು ಶುರುಮಾಡಿ ಗಡಗಡ ನಡುಗಿದರೆ, ಒಂದೇ ಸಲಕ್ಕೆ ಆ ಜಾಗ ಬೇಡವಾಗಬಹುದು. ಮೊದಲ ಎರಡು ವಾರ ಮರಿ ನಿದ್ದೆ ಮಾಡುವಾಗಷ್ಟೇ ಮೆಷಿನ್ ಹಾಕಿ.

ಹಾಸು: ಎರಡು ಇಂಚು ಅಂಚಿರುವ, 2 ಅಡಿ ಅಗಲ 3 ಅಡಿ ಉದ್ದದ ಪ್ಲಾಸ್ಟಿಕ್ ಟ್ರೇ. ಅದರೊಳಗೆ ತೂತುಗಳಿರುವ ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ತಳದಲ್ಲಿ ತೂತಿರುವ ಗಿಡ್ಡ ಎಳೆಯ ಕೃತಕ ಹುಲ್ಲು. ಎಳೆ ಉದ್ದವಿದ್ದಷ್ಟೂ ತೊಳೆಯುವುದು ಕಷ್ಟ, ನಾತ ಹೆಚ್ಚು. ಜಾಲರಿ ಬಿಡಬೇಡಿ. ಹುಲ್ಲಿನಡಿ ಉಚ್ಚೆ ನಿಂತು ಪಾದ ಒದ್ದೆಯಾದರೆ ಮುಂದಿನ ಸಲ ಮರಿ ಪಕ್ಕದ ಒಣ ನೆಲಕ್ಕೆ ಸರಿಯುತ್ತದೆ. ನರ್ಸರಿಯಲ್ಲಿ ಅಡಿ ಲೆಕ್ಕದಲ್ಲಿ ಸಿಗುವ ನಿಜವಾದ ಲಾನ್ ಹುಲ್ಲು ಇನ್ನೂ ಬೇಗ ಕಲಿಸುತ್ತದೆ. ಆದರೆ ಬಿಸಿಲಿಲ್ಲದ ಯುಟಿಲಿಟಿಯಲ್ಲಿ ಉಚ್ಚೆಯ ಉರಿಗೆ ಬೇಗ ಹಳದಿಯಾಗುತ್ತದೆ, ಬದಲಿಸುತ್ತಿರಬೇಕು. ಯಾವುದೇ ಆದರೂ ತಳಕ್ಕೆ ಕೋಕೋಪೀಟ್ ಹಾಕಬೇಡಿ. ಮರಿ ತಿಂದರೆ ಹೊಟ್ಟೆಯಲ್ಲಿ ಉಬ್ಬುತ್ತದೆ.

ಅಳತೆ ಯಾಕೆ ಅಷ್ಟು ದೊಡ್ಡದು ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮುಂಗಾಲು ಹಾಸಿನ ಮೇಲೆ ಇದ್ದರೆ ಸಾಕು, ಮರಿಯ ಪಾಲಿಗೆ ತಾನು ಸರಿಯಾದ ಜಾಗಕ್ಕೆ ಬಂದಾಯಿತು. ಹಿಂಭಾಗ ಎಲ್ಲಿದೆ ಎಂಬ ಲೆಕ್ಕ ಅದಕ್ಕಿಲ್ಲ. ಕಕ್ಕಕ್ಕೆ ಮೊದಲು ಎರಡು ಸುತ್ತು ತಿರುಗುವ ಅಭ್ಯಾಸ ಬೇರೆ. ಅಗಲವಿದ್ದರೆ ತಿರುಗಿದರೂ ಒಳಗೇ ಇರುತ್ತದೆ, ಎದ್ದ ಅಂಚು ಹಿಂಗಾಲಿಗೆ ತಾಗಿ ಮುಂದಕ್ಕೆ ಬರುತ್ತದೆ.

ಮೊದಲ ದಿನ, ಎಲ್ಲೋ ಹೊಯ್ದದ್ದನ್ನು ಟಿಶ್ಯೂನಲ್ಲಿ ಹೀರಿಸಿ ಹುಲ್ಲಿನಡಿ ಇಡಿ. ಆ ವಾಸನೆಯೇ ಬೋರ್ಡು. ಟ್ರೇಯನ್ನು ದಿನಕ್ಕೆರಡು ಸಲ ಬರೀ ನೀರಿನಲ್ಲಿ ತೊಳೆದರೆ ಸಾಕು.

ಈಗ ಮನೆಯಲ್ಲಿರುವ ಬಟ್ಟೆ. ಮ್ಯಾಟು, ಕಾಲೊರೆಸು, ಯೋಗದ ಚಾಪೆ, ನೆಲ ಮುಟ್ಟುವ ದಿವಾನದ ಹೊದಿಕೆ, ಬಚ್ಚಲ ಮುಂದಿನ ಹಳೇ ಟವೆಲ್, ಎಲ್ಲ ಒಂದು ತಿಂಗಳು ಅಟ್ಟಕ್ಕೆ. ಮಲಗಲು ಕೊಟ್ಟ ಬೆಡ್ಡೂ ಬಟ್ಟೆಯೇ ಆದ್ದರಿಂದ ಅದರ ಮೇಲೂ ಹೊಯ್ದಿರಬೇಕು. ಸದ್ಯಕ್ಕೆ ನಾಲ್ಕು ಇಂಚು ಎತ್ತರದ, ಬಿಗಿಯಾಗಿ ಎಳೆದ ನಾಯಿಮಂಚ ಅಥವಾ ಸಾದಾ ರಬ್ಬರ್ ಹಾಸು ಕೊಡಿ.

ಅತ್ತೆಯವರು ಮಂಡಿ ನೋವಿನಲ್ಲಿ ಗಂಟೆಗೊಮ್ಮೆ ಮರಿ ಎತ್ತಿಕೊಂಡು ಓಡಬೇಕಾದ ಯೋಜನೆ ಮೂರನೇ ದಿನಕ್ಕೇ ಬಿದ್ದುಹೋಗುತ್ತದೆ. ಹಾಗಾಗಿ ಹಗಲಿಗೆ 4 ಅಡಿ ಚದರದ ಮಡಚುವ ಕಬ್ಬಿಣದ ಆವರಣ ತನ್ನಿ, 30 ಇಂಚಿಗಿಂತ ಎತ್ತರದ್ದು. ನಾಟಿ ಮರಿಗಳು ಹಾರುವುದರಲ್ಲಿ ಗಟ್ಟಿಗರು, 24 ಇಂಚನ್ನು ಬೇಗ ದಾಟುತ್ತವೆ. ಒಂದು ಮೂಲೆಯಲ್ಲಿ ಮಂಚ, ಪಕ್ಕದಲ್ಲಿ ನೀರು, ಎದುರು ಮೂಲೆಯಲ್ಲಿ ಅದೇ ಹುಲ್ಲಿನ 2 ಅಡಿ ಚದರದ ಇನ್ನೊಂದು ಟ್ರೇ. ಎರಡು ಕಡೆ ಟ್ರೇ ಇಟ್ಟರೆ ಮರಿಗೆ ಗೊಂದಲವಾಗದೇ ಎಂದು ಕೇಳುತ್ತೀರಿ. ಆಗುವುದಿಲ್ಲ, ಹಾಸು ಒಂದೇ ಅಲ್ಲವೇ. ಅತ್ತೆಯವರ ಕೆಲಸ ಇಷ್ಟೇ: ಮರಿ ಹುಲ್ಲಿನ ಮೇಲೆ ಮುಗಿಸಿದ್ದು ಕಂಡರೆ ಕೂತಲ್ಲಿಂದಲೇ ಒಂದು ತುಣುಕು ಎಸೆಯುವುದು.

ಇನ್ನು ಹೊತ್ತು. 10 ವಾರದ ಮರಿ ಎಚ್ಚರವಿದ್ದಾಗ ತಡೆದುಕೊಳ್ಳುವುದು ಸುಮಾರು ಒಂದು ಗಂಟೆ, ನಿದ್ದೆಯಲ್ಲಿ ಎರಡು ಮೂರು ಗಂಟೆ. 'ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ' ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಅದು ಹೆಚ್ಚೆಂದರೆ ಎಷ್ಟು ಎಂಬುದರ ಲೆಕ್ಕ, ದಿನವೂ ಅಷ್ಟು ಹೊತ್ತು ಬಿಡಬಹುದು ಎಂದಲ್ಲ. ಗಡಿಯಾರಕ್ಕಿಂತ ನಾಲ್ಕು ಸಂದರ್ಭ ಗಟ್ಟಿಯಾಗಿ ನೆನಪಿರಲಿ. ನಿದ್ದೆಯಿಂದ ಎದ್ದ ಕೂಡಲೇ, ಅಂದರೆ ಒಂದು ನಿಮಿಷದೊಳಗೆ. ಊಟವಾದ 5ರಿಂದ 30 ನಿಮಿಷದೊಳಗೆ. ಹೊಟ್ಟೆಗೆ ಅನ್ನ ಬಿದ್ದರೆ ಕರುಳು ತಾನಾಗಿ ಚಲಿಸುತ್ತದೆ, ಮರಿಗಳಲ್ಲಿ ಇದು ಜೋರು. ನೀರು ಕುಡಿದ ಕಾಲು ಗಂಟೆಗೆ. ಹತ್ತು ನಿಮಿಷ ಜೋರು ಆಟವಾಡಿದ ಮೇಲೆ, ಕೆಲವೊಮ್ಮೆ ಆಟದ ನಡುವೆಯೇ. ಓಡುತ್ತಿದ್ದ ಮರಿ ಫಕ್ಕನೆ ನಿಂತು ಮೂಗು ನೆಲಕ್ಕೆ ತಾಗಿಸಿ ಹೊರಟರೆ ನಿಮ್ಮ ಕೈಯಲ್ಲಿರುವುದು ಐದಾರು ಸೆಕೆಂಡು.

ಟ್ರೇಗೆ ಕರೆದೊಯ್ಯುವಾಗ ಆರು ಅಡಿಯ ಹಗುರ ಹಗ್ಗ ಕಟ್ಟಿರಿ. ಟ್ರೇ ಮೇಲೆ ನಿಲ್ಲಿಸಿ ನೀವು ಗೋಡೆ ಕಡೆ ತಿರುಗಿ ಸುಮ್ಮನೆ ನಿಲ್ಲಿ. ಮರಿಯನ್ನೇ ದಿಟ್ಟಿಸಿ 'ಮಾಡು, ಮಾಡು' ಎಂದರೆ ಅದು ನಿಮ್ಮ ಮುಖ ನೋಡುತ್ತ ಬಾಲ ಆಡಿಸುತ್ತ ಕೂರುತ್ತದೆ. ಶುರುವಾದಾಗ ಮೆಲುದನಿಯಲ್ಲಿ ಒಂದೇ ಒಂದು ಪದ ಹೇಳಿ. 'ಸೂಸು' ಎಂದಾದರೆ ಮನೆಯವರೆಲ್ಲರಿಗೂ ಅದೇ. ಒಬ್ಬರು ಸೂಸು, ಇನ್ನೊಬ್ಬರು ಉಚ್ಚೆ, ಮತ್ತೊಬ್ಬರು ಇಂಗ್ಲಿಷ್ ಎಂದರೆ ಮರಿಗೆ ಯಾವುದೂ ದಕ್ಕುವುದಿಲ್ಲ. ಹತ್ತು ದಿನವಾದ ಮೇಲೆ ಟ್ರೇ ಮೇಲೆ ಹೆಜ್ಜೆ ಇಟ್ಟಾಗಲೇ ಹೇಳಿ ನೋಡಿ.

ಮೆಚ್ಚುಗೆಯ ಹೊತ್ತಿನಲ್ಲೇ ಹೆಚ್ಚಿನವರು ಎಡವುವುದು. ಹೊಯ್ಯುತ್ತಿರುವಾಗಲೇ ಖುಷಿಯಿಂದ ಕೂಗಿದರೆ ಮರಿ ಅರ್ಧಕ್ಕೆ ನಿಲ್ಲಿಸಿ ಓಡಿ ಬರುತ್ತದೆ. ಉಳಿದರ್ಧ ಐದು ನಿಮಿಷದ ಮೇಲೆ ನಡುಮನೆಯಲ್ಲಿ. 'ಈಗ ತಾನೇ ಮಾಡಿಸಿ ತಂದೆವು, ಬೇಕಂತಲೇ ಮತ್ತೆ ಮಾಡಿದೆ' ಎಂಬ ದೂರು ಬಹುಪಾಲು ಇದೇ. ಹಿಂಭಾಗ ಮೇಲೆದ್ದ ಮೇಲೆ, ಎರಡು ಸೆಕೆಂಡಿನೊಳಗೆ, ಟ್ರೇ ಮೇಲೆಯೇ ಬಾಯಿಗೆ ಕಡಲೆಕಾಳಿನಷ್ಟು ಬೇಯಿಸಿದ ಕೋಳಿ, ಪನೀರ್ ಅಥವಾ ಮೊಟ್ಟೆಯ ಬಿಳಿ. ಅಡುಗೆಮನೆಗೆ ಕರೆತಂದು ಡಬ್ಬಿ ತೆಗೆದು ಕೊಟ್ಟರೆ ಅದು ಕಲಿಯುವುದು ಅಡುಗೆಮನೆಗೆ ಬರುವುದನ್ನು. ಡಬ್ಬಿ ಯುಟಿಲಿಟಿಯ ಶೆಲ್ಫಿನಲ್ಲೇ ಇರಲಿ.

ಐದು ನಿಮಿಷವಾದರೂ ಮಾಡಲಿಲ್ಲವೇ? ನಡುಮನೆಗೆ ಬಿಡಬೇಡಿ. ಹತ್ತು ನಿಮಿಷ ತೊಡೆ ಮೇಲೆ ಅಥವಾ ಆವರಣದೊಳಗೆ, ಮತ್ತೆ ಟ್ರೇ. ನಡುಮನೆಯಲ್ಲಿ ಆಡುವ ಸ್ವಾತಂತ್ರ್ಯ ಟ್ರೇ ಮೇಲೆ ಮಾಡಿ ಮುಗಿಸಿದ್ದಕ್ಕೆ ಸಿಗುವ ಬಹುಮಾನ, ಅದೂ ಅರ್ಧ ಗಂಟೆಗೆ.

ರಾತ್ರಿ: ಕೊನೆಯ ಊಟ ಏಳೂವರೆಗೆ, ನೀರಿನ ಬಟ್ಟಲು ಮಲಗುವ ಒಂದು ಗಂಟೆ ಮುಂಚೆ ಎತ್ತಿ. ಹಗಲಿನಲ್ಲಿ ಮಾತ್ರ ನೀರು ಕಡಿಮೆ ಮಾಡಲೇಬಾರದು. ಉಚ್ಚೆ ಕಡಿಮೆಯಾಗಲಿ ಎಂದು ನೀರು ತಡೆದರೆ ಮರಿ ಬೇಗ ಬಳಲುತ್ತದೆ, ಮೂತ್ರವೂ ಗಟ್ಟಿಯಾಗಿ ಉರಿಯುತ್ತದೆ. ಹತ್ತೂವರೆಗೆ ಟ್ರೇ ತೋರಿಸಿ ಮಲಗಿಸಿ. ನಡುರಾತ್ರಿ ಅದು ಏಳುವುದು ಸರಿಸುಮಾರು ಎಷ್ಟು ಹೊತ್ತಿಗೆ ಎಂದು ಎರಡು ದಿನ ಬರೆದಿಟ್ಟುಕೊಳ್ಳಿ, ಅದಕ್ಕೆ ಹದಿನೈದು ನಿಮಿಷ ಮುಂಚೆ ಅಲಾರಂ ಇಡಿ. ಕುಂಯ್‌ಗುಟ್ಟಿ ಕರೆದ ಮೇಲೆ ಹೋದರೆ ಕರೆಯುವುದನ್ನೇ ಕಲಿಯುತ್ತದೆ. ದೀಪ ಮಂದ, ಮಾತಿಲ್ಲ, ಆಟವಿಲ್ಲ, ಮಾಡಿಸಿ ಮಲಗಿಸುವುದು. ಮೂರು ರಾತ್ರಿಗೊಮ್ಮೆ ಅಲಾರಂ ಕಾಲು ಗಂಟೆ ಮುಂದೆ ಸರಿಸಿ.

ಊಟದ ವಿಷಯ ಬಿಡುವಂತಿಲ್ಲ. ದಿನಕ್ಕೆ ಐದಾರು ಸಲ ಕಕ್ಕ ಎಂದರೆ ಯಾವ ತರಬೇತಿಯೂ ನಿಲ್ಲುವುದಿಲ್ಲ. ತಾಯಿಹಾಲು ಬಿಟ್ಟ ಮರಿಗೆ ಹಸುವಿನ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ, ಕರುಳಿನಲ್ಲಿ ನೀರೆಳೆದು ಸಡಿಲವಾಗುತ್ತದೆ. ಹಾಲು ಇಂದೇ ನಿಲ್ಲಿಸಿ. ಬರೀ ಅನ್ನದಲ್ಲಿ ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್, ಸುಣ್ಣದಂಶ ಇಲ್ಲ. ಮರಿಗಳಿಗೆಂದೇ ಮಾಡಿದ ಆಹಾರಕ್ಕೆ ಏಳು ದಿನದಲ್ಲಿ ಹಂತಹಂತವಾಗಿ ಬದಲಿಸಿ, ಮೊದಲೆರಡು ದಿನ ಕಾಲು ಭಾಗ ಹೊಸತು, ಆಮೇಲೆ ಅರ್ಧ, ಮುಕ್ಕಾಲು. ದಿನಕ್ಕೆ ಮೂರು ಅಥವಾ ನಾಲ್ಕು ಸಲ, ಗೊತ್ತಾದ ಹೊತ್ತಿಗೆ. ಕಾಲು ಗಂಟೆಯಲ್ಲಿ ತಿನ್ನದಿದ್ದರೆ ಬಟ್ಟಲು ಎತ್ತಿ. ದಿನವಿಡೀ ಬಟ್ಟಲು ಕೆಳಗಿದ್ದರೆ ಕಕ್ಕಕ್ಕೂ ಹೊತ್ತು ಗೊತ್ತಿಲ್ಲ. ಈ ಬದಲಾವಣೆಯ ಮೇಲೂ ಸಡಿಲವಿದ್ದರೆ ಹುಳು ಇರಬಹುದು. ಜಂತುಹುಳುವಿನ ಔಷಧಿ ಯಾವಾಗ ಕೊಟ್ಟಿದ್ದು ಎಂದು ಲಸಿಕೆ ಪುಸ್ತಕ ನೋಡಿ ಡಾಕ್ಟರಿಗೆ ಹೇಳಿ.

ಗದರಿಸಿದ್ದರ ಫಲ ದಿವಾನದ ಹಿಂದೆ ಕಾಣುತ್ತಿದೆ. ಒಳಗೆ ಮಾಡಬಾರದು ಎಂದು ಮರಿ ಕಲಿಯಲಿಲ್ಲ; ಮನುಷ್ಯರು ನೋಡುವಾಗ ಮಾಡಬಾರದು ಎಂದು ಕಲಿಯಿತು. ಇದರ ಕೆಟ್ಟ ಭಾಗವೆಂದರೆ, ನೀವು ಪಕ್ಕದಲ್ಲಿ ನಿಂತರೆ ಟ್ರೇ ಮೇಲೂ ಮಾಡುವುದಿಲ್ಲ. ಗೋಡೆ ಕಡೆ ತಿರುಗಿ ನಿಲ್ಲಿ ಎಂದದ್ದು ಅದಕ್ಕೇ. ದಿವಾನದ ಹಿಂದಿನ ಸಂದಿಗೆ ರಟ್ಟು ಅಡ್ಡ ಹಾಕಿ. ಕಣ್ಣೆದುರೇ ಹೊಯ್ಯುತ್ತಿದ್ದರೆ ಒಮ್ಮೆ ಮೆತ್ತಗೆ ಚಪ್ಪಾಳೆ ತಟ್ಟಿ ಎತ್ತಿಕೊಂಡು ಟ್ರೇಗೆ ಹೋಗಿ, ಉಳಿದದ್ದು ಅಲ್ಲಿ ಮುಗಿಸಿದರೆ ತುಣುಕು ಕೊಡಿ. ಮುಗಿದ ಮೇಲೆ ಕಂಡರೆ ಒರೆಸಿ, ಅಷ್ಟೇ. ಮೂಗು ಅದ್ದುವ ಪದ್ಧತಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೆದರಿದ ಕೆಲವು ಮರಿಗಳು ಸಾಕ್ಷಿ ಉಳಿಸಬಾರದೆಂಬಂತೆ ತಮ್ಮ ಕಕ್ಕ ತಾವೇ ತಿನ್ನಲು ಶುರುಮಾಡುತ್ತವೆ. ಯಾರಾದರೂ ಮನೆಗೆ ಬಂದು ಬಗ್ಗಿ ಮಾತಾಡಿಸಿದಾಗ ಕಿವಿ ಹಿಂದೆ ಮಾಡಿ, ಹೊಟ್ಟೆ ತೋರಿಸಿ ಎರಡು ಹನಿ ಬಿಟ್ಟರೆ ಅದು ಬೇರೆ ವಿಷಯ. ಅದು ಶರಣಾಗತಿಯ ಮಾತು, ವಯಸ್ಸಿನೊಂದಿಗೆ ಹೋಗುತ್ತದೆ. ಬಂದವರು ಎರಡು ನಿಮಿಷ ಮರಿಯನ್ನು ಗಮನಿಸದೆ, ಆಮೇಲೆ ಪಕ್ಕಕ್ಕೆ ಕೂತು ಮಾತಾಡಿಸಲಿ.

ಫಿನಾಯಿಲ್ ಬಗ್ಗೆ. ಅದು ನಮ್ಮ ಮೂಗಿಗೆ ಮುಸುಕು ಹಾಕುತ್ತದೆ, ನಾಯಿಯ ಮೂಗಿಗಲ್ಲ. ಒದ್ದೆ ಫಿನಾಯಿಲ್ ಮೇಲೆ ನಡೆದು ಪಾದ ನೆಕ್ಕಿದರೆ ಜೊಲ್ಲು, ಬಾಯಿಹುಣ್ಣು, ವಾಂತಿಯೂ ಆಗಬಹುದು. ಅಮೋನಿಯಾ ಇರುವ ಕ್ಲೀನರ್‌ಗಳ ವಾಸನೆ ಉಚ್ಚೆಯದಕ್ಕೇ ಹತ್ತಿರ. ಬ್ಲೀಚನ್ನು ಉಚ್ಚೆಯ ಮೇಲೇ ಸುರಿದರೆ ಕಣ್ಣು-ಗಂಟಲು ಉರಿಸುವ ಅನಿಲ ಹುಟ್ಟುತ್ತದೆ. ಸರಿಯಾದ ದಾರಿ: ಹಳೇ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ತಣ್ಣೀರಿನಲ್ಲಿ ಒರೆಸಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಉಚ್ಚೆಯ ಅಂಶವನ್ನೇ ಒಡೆಯುವ ಎನ್‌ಜೈಮ್ ಕ್ಲೀನರ್ ಹಾಕಿ, ಕಲೆಗಿಂತ ಒಂದು ಗೇಣು ಆಚೆಯವರೆಗೆ, ಹದಿನೈದು ನಿಮಿಷ ಒದ್ದೆಯಾಗಿಯೇ ಬಿಡಿ. ಸಿಂಪಡಿಸಿ ತಕ್ಷಣ ಒರೆಸಿದರೆ ದುಡ್ಡು ದಂಡ. ಅದೇ ಜಾಗಕ್ಕೆ ಫಿನಾಯಿಲ್ ಬಿದ್ದರೂ ದಂಡ, ಎನ್‌ಜೈಮ್ ಕೆಡುತ್ತದೆ. ಟೈಲ್ಸಿಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿದ್ದೂ ನಡೆಯುತ್ತದೆ. ಮಾರ್ಬಲ್ ಅಥವಾ ಕೋಟಾ ಕಲ್ಲಿನ ಮೇಲೆ ಮಾತ್ರ ಬೇಡ; ಹುಳಿ ಸುಣ್ಣಕಲ್ಲನ್ನು ತಿಂದು ಹೊಳಪು ಹೋಗುತ್ತದೆ, ದೇವರ ಮನೆ ಮುಂದೆ ಮಾರ್ಬಲ್ ಇರುವ ಮನೆಗಳೇ ಜಾಸ್ತಿ. ಹಳೇ ಕಲೆಗಳು ಎಲ್ಲಿವೆ ಎಂದು ತಿಳಿಯಲು ರಾತ್ರಿ ದೀಪ ಆರಿಸಿ ಅಲ್ಟ್ರಾವಯೊಲೆಟ್ ಟಾರ್ಚ್ ಹಿಡಿದು ನೋಡಿ. ಹಳದಿ-ಹಸಿರಾಗಿ ಮಿನುಗುವ ಜಾಗಗಳ ಲೆಕ್ಕ ನಿಮ್ಮ ಅಂದಾಜಿಗಿಂತ ಹೆಚ್ಚಿದ್ದರೆ ಗಾಬರಿಯಾಗಬೇಡಿ. ಆ ಹಳೇ ಮ್ಯಾಟನ್ನು ತೊಳೆದು ಉಳಿಸಿಕೊಳ್ಳುವ ಆಸೆ ಬಿಡಿ.

ಇಷ್ಟೆಲ್ಲ ಮಾಡಿಯೂ ಹತ್ತು ದಿನದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ, ಅಥವಾ ಅರ್ಧ ಗಂಟೆಯಲ್ಲಿ ಮೂರ್ನಾಲ್ಕು ಸಲ ಕೂತು ಹನಿ ಹನಿ ಹೊಯ್ದರೆ, ತಿಣುಕಿದರೆ, ರಕ್ತ ಕಂಡರೆ, ಸದಾ ನೆಕ್ಕಿಕೊಳ್ಳುತ್ತಿದ್ದರೆ ಮೂತ್ರನಾಳದ ಸೋಂಕಿರಬಹುದು. ಹೆಣ್ಣುಮರಿಗಳಲ್ಲಿ ಅದು ಹೆಚ್ಚು. ಮಲಗಿದಲ್ಲೇ ಗೊತ್ತಿಲ್ಲದೆ ಸೋರುತ್ತಿದ್ದರೆ ಹುಟ್ಟಿನಿಂದಲೇ ಬಂದ ತೊಂದರೆಯೂ ಇರಬಹುದು. ಅದಕ್ಕೆ ತರಬೇತಿ ಮದ್ದಲ್ಲ. ಡಾಕ್ಟರಿಗೆ ಮೂತ್ರದ ಸ್ಯಾಂಪಲ್ ಬೇಕಾದರೆ ಉದ್ದ ಹಿಡಿಯ ಸ್ಟೀಲ್ ಸೌಟು ಚೆನ್ನಾಗಿ ತೊಳೆದು ಒಣಗಿಸಿಟ್ಟುಕೊಳ್ಳಿ. ಹೊಯ್ಯಲು ಶುರುಮಾಡಿ ಎರಡು ಸೆಕೆಂಡಾದ ಮೇಲೆ ಹಿಂದಿನಿಂದ ಕೆಳಗೆ ತೂರಿಸಿದರೆ ಸಾಕಷ್ಟು ಸಿಗುತ್ತದೆ. ಒಂದೆರಡು ಗಂಟೆಯೊಳಗೆ ತಲುಪಿಸಿ, ತಡವಾದರೆ ಫ್ರಿಜ್ಜಿನಲ್ಲಿಡಿ. ಸಾರಿಗೆ ಹೊಸ ಸೌಟು ಕೊಳ್ಳಿ.

ಕೆಳಗೆ ಬಿಡಬೇಡಿ ಎಂದ ಡಾಕ್ಟರ ಮಾತು ಸರಿ. ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಳೆಗಾಲದ ನಿಂತ ನೀರಿನಲ್ಲಿ ಇಲಿಜ್ವರದ ಭಯ ಬೇರೆ. ಸಾಮಾನ್ಯವಾಗಿ 14-16 ವಾರಕ್ಕೆ ಬೀಳುವ ಕೊನೆಯ ಲಸಿಕೆಯಾಗಿ ಎರಡು ವಾರ ಕಳೆಯಲಿ. ಅಲ್ಲಿಯವರೆಗೆ ಎತ್ತಿಕೊಂಡು ಓಡಾಡಿಸಿ, ಬಸ್ಸು-ಆಟೋ ಸದ್ದು ಕೇಳಲಿ. ಇಳಿಸುವ ಮೊದಲ ದಿನ ಬೆಳಗಿನ ಮೊದಲ ಉಚ್ಚೆಗೇ ಹೋಗಿ. ಲಿಫ್ಟಿನಲ್ಲಿ ಎತ್ತಿಕೊಂಡೇ ಇರಿ, ಅದರ ನೆಲಕ್ಕೆ ಇಳಿಸಿದ್ದೇ ಹೊಯ್ಯುವ ಮರಿಗಳೇ ಹೆಚ್ಚು. ಟ್ರೇಯ ಹುಲ್ಲಿನ ಒಂದು ತುಂಡನ್ನು ತೊಳೆಯದೆ ತಂದು ಲಾನಿನ ಮೇಲಿಡಿ. ಹೊಯ್ದ ಕೂಡಲೇ 'ಆಯ್ತು, ನಡಿ' ಎಂದು ಮೇಲೆ ಕರೆತಂದರೆ ಮರಿ ಬಲುಬೇಗ ಲೆಕ್ಕ ಹಾಕುತ್ತದೆ: ಹೊಯ್ದರೆ ಸುತ್ತಾಟ ಮುಗಿಯಿತು, ತಡೆದುಕೊಂಡರೆ ಇನ್ನೂ ಅರ್ಧ ಗಂಟೆ ಸುತ್ತಬಹುದು. ಆದ್ದರಿಂದ ಆದ ಮೇಲೆ ಹತ್ತು ನಿಮಿಷ ನಡೆದಾಡಿಸಿ. ಎರಡು ವಾರ ಹೊರಗೇ ಸರಿಯಾಗಿ ಮಾಡಿದ ಮೇಲೆ ಆವರಣದ ಟ್ರೇ ತೆಗೆಯಿರಿ. ಯುಟಿಲಿಟಿಯದು ಜಡಿಮಳೆಗೆ, ದೀಪಾವಳಿಯ ಪಟಾಕಿಗೆ ಇರಲಿ.

ಹೆಚ್ಚಿನ ಮರಿಗಳು ನಂಬುವಷ್ಟಾಗುವುದು 4ರಿಂದ 6 ತಿಂಗಳಿಗೆ, ಕೆಲವಕ್ಕೆ ಒಂದು ವರ್ಷ ಹಿಡಿಯುತ್ತದೆ. ಏಳೆಂಟು ತಿಂಗಳಿಗೆ ಮೊದಲ ಸಲ ಬೆದೆಗೆ ಬಂದಾಗ ಮತ್ತೆ ಅಲ್ಲಲ್ಲಿ ಹನಿಸಿದರೆ ಕಲಿತದ್ದು ಹೋಯಿತು ಎಂದುಕೊಳ್ಳಬೇಡಿ.

ಇನ್ನು ದೇವರ ಮನೆಯ ಮ್ಯಾಟು. ಎರಡು ವಾರ ಒಂದೂ ತಪ್ಪಿಲ್ಲದೆ ಕಳೆದ ಮೇಲೆ ಹೊಸದೊಂದನ್ನು ತನ್ನಿ, ತೆಂಗಿನ ನಾರಿನ ಒರಟು ಮ್ಯಾಟ್ ಆದರೆ ಒಳ್ಳೆಯದು, ಮೆತ್ತಗಿನದು ಬೇಡ. ಮೊದಲ ದಿನ ಮರಿ ಟ್ರೇಗೆ ಹೋಗಿ ಬಂದ ಕೂಡಲೇ ಹತ್ತು ನಿಮಿಷ ಹಾಸಿ, ಪಕ್ಕದಲ್ಲೇ ಕೂತಿರಿ. ಮೂಸಿ ಮುಂದೆ ಹೋದರೆ ನಾಳೆ ಅರ್ಧ ಗಂಟೆ. ಮೂಸಿ ಸುತ್ತು ಹಾಕತೊಡಗಿದರೆ ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿ, ಇನ್ನೆರಡು ವಾರ ಬಿಟ್ಟು ನೋಡಿ. ಅಷ್ಟು ದಿನ ಅತ್ತೆಯವರಿಗೆ ಕೂರಲು ಒಂದು ಮಣೆ ಹಾಕಿಕೊಡಿ. ಮರದ ಮಣೆಯ ಮೇಲೆ ಈ ಮರಿಗೆ ಆಸಕ್ತಿ ಇಲ್ಲ.